ಶಿವಕಾಂತಾಬಾಯಿ ಮತ್ತು ಆಕೆಯ ಸವತಿ

"ಒಳಗ ಬರಬ್ಯಾಡ್ರಿ! ಅಲ್ಲೇ ನಿಂದರ್ರಿ! ಬೆಳಕು ಹೊಕ್ಕಿತಂದ್ರ ಅವ್ವಣ್ಣ ರಾತ್ರಿಯೆಲ್ಲ ದುಡಿದದ್ದು ಮಣ್ಣಾಗತದ!"

ಬಾಗಿಲ ಮೇಲಿಟ್ಟ ಕೈಯನ್ನು ನಾನು ಗಕ್ಕನೆ ಹಿಂದಕ್ಕೆಳೆದುಕೊಳ್ಳುತ್ತೇನೆ. ಬೆಳಗಿನ ಆರೂ ಕಾಲು. ಪುಣೆಯ ಶಿವಾಜಿನಗರದಿಂದ ಮೊದಲ ಲೋಕಲ್ ಹಿಡಿದು, ತೂಕಡಿಸುತ್ತ ತಳೇಗಾಂವ ದಾಭಾಡೆಗೆ ಬಂದಿಳಿದು, ರಿಕ್ಷಾದವನ ಜೊತೆ ಜಗಳ ಮುಗಿಸಿ, ಕಾರ್ಖಾನೆಗಳ ಸಾಲಿನ ಕೊನೆಯ ಈ ತಗಡಿನ ಶೆಡ್ಡು ಹುಡುಕಿದ್ದೇನೆ. ಬಂದವಳಿಗೆ ಮೊದಲು ಸಿಕ್ಕಿದ್ದು ಬೈಗುಳ. ಇರಲಿ, ಈ ಅಂಕಣ ಬರೆಯುವವಳಿಗೆ ಇದೇನು ಹೊಸದಲ್ಲ.

ಬಾಗಿಲ ಆಚೆ, ಕೆಂಪು ದೀಪದ ಕತ್ತಲೆಕೋಣೆಯಲ್ಲಿ ಶಿವಕಾಂತಾಬಾಯಿ ಫಿಲ್ಮು ತೊಳೆಯುತ್ತಿದ್ದಾರೆ. ನೀರು ಸುರಿಯುವ ಸದ್ದು, ಕ್ಲಿಪ್ಪು ಹಾಕುವ ಸದ್ದು, ನಡುನಡುವೆ ಯಾರನ್ನೋ ಶಪಿಸುವ ಸದ್ದು. ಇಪ್ಪತ್ತು ನಿಮಿಷದ ನಂತರ ಹೊರಬರುತ್ತಾರೆ. ವಯಸ್ಸು ನಲವತ್ತಾರು, ನನ್ನ ಭುಜದವರೆಗೆ ಬರುವ ಎತ್ತರ, ಸೀರೆಯ ಮೇಲೆ ನೀಲಿ ಏಪ್ರನ್. ಕೈ ಮುಗಿದರೆ ಬೆರಳುಗಳಿಂದ ರಾಸಾಯನಿಕದ ಹುಳಿವಾಸನೆ ಬರುತ್ತದೆ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಚಾ ಕುಡೀರಿ. ನನ್ನ ಕೈದು ಅಲ್ಲ, ವಾಸನಿ ಬರತದ" ಎಂದು ನಗುತ್ತಾರೆ.

ಇಲ್ಲಿ ನಡೆಯುವುದು ಕಬ್ಬಿಣದ ವೈದ್ಯಕೀಯ. ಆಸ್ಪತ್ರೆಯಲ್ಲಿ ಮೂಳೆಯ ಫೋಟೊ ತೆಗೆಯುವಂತೆ ಇಲ್ಲಿ ಎರಕದ ಉಕ್ಕಿನ ಫೋಟೊ ತೆಗೆಯುತ್ತಾರೆ. ಹಬೆಯ ಪೈಪಿಗೆ ಕೂರಿಸುವ ವಾಲ್ವು, ಪಂಪಿನ ಹೊಟ್ಟೆ, ದಪ್ಪ ದಪ್ಪ ಮೊಣಕೈ ಪೈಪು. ಹೊರಗಿನಿಂದ ನೋಡಿದರೆ ಎಲ್ಲವೂ ನುಣುಪು. ಒಳಗೆ ಗಾಳಿಗುಳ್ಳೆ ಇದೆಯೋ ಬಿರುಕು ಇದೆಯೋ ಯಾರು ಬಲ್ಲರು? ಅದಕ್ಕೆ ರಾತ್ರಿ, ಸುತ್ತಮುತ್ತ ಜನ ಇಲ್ಲದಾಗ, ದಪ್ಪ ಗೋಡೆಯ ಬಂಕರಿನಲ್ಲಿ ಅವ್ವಣ್ಣ ಎಂಬ ಹಿರಿಯ ಕೆಲಸಗಾರ ಉಕ್ಕಿನ ಒಂದು ಬದಿಗೆ ಫಿಲ್ಮು ಕಟ್ಟುತ್ತಾನೆ, ಇನ್ನೊಂದು ಬದಿಯಿಂದ ವಿಕಿರಣ ಹಾಯಿಸುತ್ತಾನೆ. ಬೆಳಿಗ್ಗೆ ಆ ಫಿಲ್ಮುಗಳನ್ನು ಶಿವಕಾಂತಾಬಾಯಿ ತೊಳೆದು, ಒಣಗಿಸಿ, ಓದುತ್ತಾರೆ.

ಓದುವುದು ಎಂದೆನಲ್ಲ, ಅದು ನನಗೂ ನಿಮಗೂ ಬರುವ ಓದಲ್ಲ. ಮೊದಲು ಹತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂರುತ್ತಾರೆ. "ಕಣ್ಣು ಕತ್ತಲಿ ಕುಡೀಬೇಕ್ರಿ" ಎನ್ನುತ್ತಾರೆ. ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮು ಇಟ್ಟು, ಹಳದಿ ಮೇಣದ ಪೆನ್ಸಿಲ್ ಹಿಡಿಯುತ್ತಾರೆ. ನನಗೆ ಕಾಣುವುದು ಬೂದುಬಣ್ಣ, ಅಷ್ಟೇ. ಆಕೆಗೆ ಅಲ್ಲೊಂದು ಊರೇ ಕಾಣುತ್ತದೆ. "ಇದು ಸಾಬೂದಾಣಿ" ಎಂದರೆ ಗಾಳಿಗುಳ್ಳೆ. "ಇದು ಹಿಂಜಿದ ಅರಳಿ" ಎಂದರೆ ಉಕ್ಕು ಆರುವಾಗ ಒಳಗೊಳಗೇ ಬಿಟ್ಟ ಟೊಳ್ಳು. "ಇದು ಒಡದ ಹಿಮ್ಮಡ" ಎಂದರೆ ಬಿರುಕು, ಅದೇ ಎಲ್ಲಕ್ಕಿಂತ ಕೆಟ್ಟದ್ದು. ದಿನಕ್ಕೆ ನೂರಾಹತ್ತು ಫಿಲ್ಮು. ಇಪ್ಪತ್ತೆರಡು ವರ್ಷದಿಂದ. ನೀವೇ ಗುಣಿಸಿಕೊಳ್ಳಿ, ನನಗೆ ತಲೆ ತಿರುಗುತ್ತದೆ.

ಆಳಂದದ ಹತ್ತಿರದ ಒಂದು ಹಳ್ಳಿಯಿಂದ ಅಪ್ಪ, ಅವ್ವ ಐದು ವರ್ಷದ ಶಿವಕಾಂತಾಳನ್ನು ಕಂಕುಳಲ್ಲಿಟ್ಟುಕೊಂಡು ಪುಣೆಗೆ ಬಂದರು. ಯೆರವಡಾದಲ್ಲಿ ಕಟ್ಟಡದ ಕೆಲಸ, ಅಲ್ಲೇ ತಗಡಿನ ಮನೆ. ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದು. ತಮ್ಮ ಲಾಲಪ್ಪನನ್ನು ಎತ್ತಿಕೊಂಡು ತಿರುಗುವ ಕೆಲಸ ಬಂದಾಗ ಶಾಲೆ ನಿಂತಿತು. ಗಂಡ ಬಾಳು ತಳೇಗಾಂವದ ಎರಕದ ಕಾರ್ಖಾನೆಯಲ್ಲಿ ಇದ್ದುದರಿಂದ ಇಲ್ಲಿಗೆ ಬಂದರು. ಈ ಶೆಡ್ಡಿಗೆ ಸೇರಿದ್ದು ಕಸ ಗುಡಿಸಲಿಕ್ಕೆ. ಗುಡಿಸುತ್ತ ಗುಡಿಸುತ್ತ ಫಿಲ್ಮು ತೊಳೆಯುವುದು ಕಲಿತರು, ತೊಳೆಯುತ್ತ ಓದುವುದು. ಯಾರೂ ಕಲಿಸಲಿಲ್ಲ. "ಕದ್ದು ನೋಡಿ ಕಲತೀನ್ರಿ" ಎನ್ನುವಾಗ ಆ ಧ್ವನಿಯಲ್ಲಿ ಸಣ್ಣ ಜಂಬವಿದೆ.

ಇಷ್ಟೆಲ್ಲ ಆದರೂ ವರದಿಯ ಮೇಲೆ ಆಕೆಯ ಸಹಿ ಇಲ್ಲ. ಸಹಿ ಹಾಕಲು ಪರೀಕ್ಷೆ ಪಾಸಾಗಬೇಕು, ಪರೀಕ್ಷೆಗೆ ಕೂರುವಷ್ಟು ಶಾಲೆ ಆಕೆಗಿಲ್ಲ. ಸಹಿ ಶ್ಯಾಮ ಅವರದು. ಬೆಳಗಾವಿ ಕಡೆಯವರು, ಪರೀಕ್ಷೆ ಪಾಸಾದವರು, ಒಳ್ಳೆಯ ಮನುಷ್ಯ. "ಸುಳ್ಳ್ಯಾಕ ಹೇಳ್ಲಿ, ಅಕಿ ಹಳದಿ ಗೆರಿ ಎಲ್ಲಿ ಎಳದಾಳ ಅಲ್ಲೇ ನನ್ನ ಕಣ್ಣು ಮೊದಲ ಹೋಗತದ. ಆಮ್ಯಾಲೆ ಉಳಿದದ್ದು ನೋಡ್ತೀನಿ" ಎಂದು ಅವರೇ ಒಪ್ಪುತ್ತಾರೆ. ವರ್ಷಕ್ಕೊಮ್ಮೆ ಎಲ್ಲರ ಕಣ್ಣು ಪರೀಕ್ಷೆಯಾಗುತ್ತದೆ, ಸಣ್ಣಕ್ಷರದ ಹಾಳೆಯನ್ನು ಒಂದು ಗೇಣು ದೂರದಿಂದ ಓದಬೇಕು. ಶ್ಯಾಮ ಅವರಿಗೆ ಈಗ ಕನ್ನಡಕ ಬಂದಿದೆ. ಶಿವಕಾಂತಾಬಾಯಿಗೆ ಇನ್ನೂ ಇಲ್ಲ.

"ಸಹಿ ಇಲ್ಲಂತ ನನಗ ದುಃಖ ಇದ್ದಿಲ್ರಿ" ಎನ್ನುತ್ತಾರೆ. "ಶ್ಯಾಮ ಸಾಹೇಬ್ರು ಓದ್ಯಾರ, ಹಾಕ್ಲಿ. ನನ್ನ ಹೊಟ್ಟಿ ಉರಿದದ್ದು ಅಕಿ ಬಂದ ಮ್ಯಾಲ."

ಅಕಿ ಯಾರು? ಶೆಡ್ಡಿನ ಆ ತುದಿಯ ಗಾಜಿನ ಕೋಣೆಯತ್ತ ಗಲ್ಲ ಎತ್ತಿ ತೋರಿಸುತ್ತಾರೆ. ಅಲ್ಲಿ ಎರಡು ದೊಡ್ಡ ಪರದೆಯ ಒಂದು ಕಂಪ್ಯೂಟರ್ ಇದೆ.

"ನನ್ನ ಸವತಿ" ಎನ್ನುತ್ತಾರೆ ಶಿವಕಾಂತಾಬಾಯಿ.

ಮೂರು ವರ್ಷದ ಹಿಂದೆ ಅದು ಬಂದಾಗ ತೆಂಗಿನಕಾಯಿ ಒಡೆದರು, ಹಾರ ಹಾಕಿದರು, ಎಲ್ಲರಿಗೂ ಪೇಢೆ ಹಂಚಿದರು. "ನಾ ಬಂದ ದಿನ ಕಸಬರಗಿ ಕೈಯಾಗ ಕೊಟ್ಟಿದ್ರು. ಅದಕ್ಕ ಎ.ಸಿ. ನನ್ನ ಕೋಣ್ಯಾಗ ಫ್ಯಾನ್ ಇಲ್ಲ, ಧೂಳು ಏಳತದಂತ. ಅದಕ್ಕ ಒಬ್ಬಾಕಿ ಇಂಜಿನಿಯರ್ ಬಾಯಿ, ಅದಕ್ಕ ಸೀನು ಬಂದ್ರ ಮುಂಬೈದಿಂದ ಮನಷ್ಯಾ ಬರತಾನ. ನನಗ ಡೆಂಗಿ ಆದಾಗ ಯಾರು ಬಂದಿದ್ರು? ಹೋಗ್ಲಿ ಬಿಡ್ರಿ. ಎಲ್ಲಾ ಸಹಿಸೀನಿ. ಆದ್ರ ಮೊದಲನೇ ತಿಂಗಳೇ ಅದರ ಹೆಸರು ವರದಿ ಮ್ಯಾಲ ಛಾಪಾತು. ಮೊದಲನೇ ತಿಂಗಳ್ರಿ ಅಕ್ಕಾರ! ನಂದು ಹತ್ತೊಂಬತ್ತು ವರ್ಷ ಆಗಿತ್ತು ಆವಾಗ."

ಗಂಡ ಬಾಳು ಮಧ್ಯಾಹ್ನದ ಡಬ್ಬಿ ಕೊಡಲು ಬಂದಿದ್ದವರು ಇದನ್ನು ಕೇಳಿಸಿಕೊಂಡು, "ನನ್ನ ಬಾಬತ್ತಿನಾಗ ಒಂದಿನಾನೂ ಇಷ್ಟು ಹೊಟ್ಟಿಕಿಚ್ಚು ಪಟ್ಟಿಲ್ರಿ ಇಕಿ" ಎಂದು ಗೊಣಗಿ ಹೋಗುತ್ತಾರೆ.

ನಾನು ನಗುವುದಿಲ್ಲ. ಈ ಉರಿ ನನಗೆ ಗೊತ್ತು. ಹನ್ನೊಂದು ವರ್ಷದಿಂದ ಯಾರಿಗೂ ಕಾಣದವರನ್ನು ಹುಡುಕಿ ಹುಡುಕಿ ಪುರವಣಿಯ ಆರನೇ ಪುಟದ ಕೆಳಭಾಗದಲ್ಲಿ ಬರೆಯುತ್ತಿದ್ದೇನೆ. ಮುಖಪುಟದ ಲೇಖನ ಬರೆಯುವವರ ಫೋಟೊ ಹಾಕುತ್ತಾರೆ, ನನ್ನ ಹೆಸರನ್ನು ಇರುವೆಯಷ್ಟು ಅಕ್ಷರದಲ್ಲಿ ಹಾಕುತ್ತಾರೆ, ಜಾಹೀರಾತು ಹೆಚ್ಚಾದ ವಾರ ಅದೂ ಹಾರಿಹೋಗುತ್ತದೆ. ಕಾಣದವರ ಬಗ್ಗೆ ಬರೆಯುವವಳ ಬಗ್ಗೆ ಯಾರೂ ಬರೆಯುವುದಿಲ್ಲ. ಹೇಳಿಕೊಳ್ಳಲು ನಾಚಿಕೆ. ಶಿವಕಾಂತಾಬಾಯಿಗೆ ಆ ನಾಚಿಕೆ ಇಲ್ಲ, ಅದಕ್ಕೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಸವತಿಯನ್ನು ನೋಡಿಕೊಳ್ಳುವವಳು ಪೂರ್ವಾ. ಇಪ್ಪತ್ತೇಳು ವರ್ಷ, ಮನೆತನ ಧಾರವಾಡದ್ದು, ಹುಟ್ಟಿ ಬೆಳೆದದ್ದು ಪುಣೆ. ಅವಳ ಕೆಲಸಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ವಾಲ್ವಿನ ನಕ್ಷೆಯನ್ನು ಕಂಪ್ಯೂಟರಿಗೆ ಕೊಡುತ್ತಾಳೆ. ಉಕ್ಕು ಎಲ್ಲಿ ಎಷ್ಟು ದಪ್ಪ, ವಿಕಿರಣ ಎಲ್ಲಿಂದ ಬರುತ್ತದೆ, ಫಿಲ್ಮು ಎಲ್ಲಿದೆ, ಎಲ್ಲವನ್ನೂ ಹೇಳುತ್ತಾಳೆ. ಆಮೇಲೆ ಇಲ್ಲದ ಬಿರುಕೊಂದನ್ನು ಬೇಕಂತಲೇ ಒಳಗೆ ಇಡುತ್ತಾಳೆ. ವಿಕಿರಣ ಇಲ್ಲದೆ, ಫಿಲ್ಮು ಇಲ್ಲದೆ, ಬಂಕರಿಗೆ ಕಾಲಿಡದೆ, ಆ ಬಿರುಕು ಫಿಲ್ಮಿನ ಮೇಲೆ ಕಂಡೀತೋ ಇಲ್ಲವೋ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ತೋರಿಸುತ್ತದೆ. ಇದು ಸಣ್ಣ ವಿಷಯವಲ್ಲ. ಬಿರುಕಿನ ಸ್ವಭಾವ ಹಾಗಿದೆ. ವಿಕಿರಣ ಅದರ ಉದ್ದಕ್ಕೂ ಹಾಯ್ದರೆ ಕಪ್ಪು ಗೆರೆಯಾಗಿ ಕಾಣುತ್ತದೆ, ಅಡ್ಡ ಹಾಯ್ದರೆ ಮಾಯ. ಯಾವ ಕೋನದಿಂದ ತೆಗೆದರೆ ಕಾಣುತ್ತದೆ ಎಂದು ಮೊದಲೇ ಗೊತ್ತಾದರೆ ಬೇಡದ ಫಿಲ್ಮು ಉಳಿಯುತ್ತದೆ, ಅವ್ವಣ್ಣ ರಾತ್ರಿ ವಿಕಿರಣದ ಹತ್ತಿರ ಹೋಗುವುದೂ ಕಡಿಮೆಯಾಗುತ್ತದೆ.

"ನನಗ ಮಾವಶಿಯವರ ಕಣ್ಣು ನೋಡಿದ್ರ ಹೊಟ್ಟಿಕಿಚ್ಚು ಬರತದ" ಎನ್ನುತ್ತಾಳೆ ಪೂರ್ವಾ, ದನಿ ತಗ್ಗಿಸಿ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಶಿವಕಾಂತಾಬಾಯಿಯನ್ನು ಅವಳು ಕರೆಯುವುದೇ ಹಾಗೆ. "ಆರು ವರ್ಷ ಓದೀನಿ ನಾನು. ಒಂದು ಫಿಲ್ಮ್ ಹಿಡಕೊಂಡು ಇಪ್ಪತ್ತು ನಿಮಿಷ ತಿಣುಕತೀನಿ. ಅವರು ಹಿಂಗ ನೋಡಿ ಹಂಗ ಪೆನ್ಸಿಲ್ ಇಡ್ತಾರ." ಇದನ್ನು ಆಚೆಗೆ ಹೇಳಬೇಡಿ ಎಂದೂ ಕೇಳಿಕೊಂಡಳು. ಆಮೇಲೆ ಅವಳೇ ಎಲ್ಲರ ಎದುರು ಹೇಳಿಬಿಟ್ಟಳು, ಆದ್ದರಿಂದ ಬರೆಯುತ್ತಿದ್ದೇನೆ.

ಈಗ ಈ ವರ್ಷದ ಆಷಾಢದ ಸಂಗತಿ. ಇದನ್ನು ಬರೆಯಬೇಕೋ ಬೇಡವೋ ಎಂದು ನಾನೇ ಅನುಮಾನಿಸಿದೆ. ಶಿವಕಾಂತಾಬಾಯಿ ಬೈದರು. "ಬರೀರಿ. ಸುಳ್ಳ ಸುಳ್ಳ ನನ್ನ ಒಳ್ಳ್ಯಾಕಿ ಮಾಡಬ್ಯಾಡ್ರಿ."

ಆರು ವಾಲ್ವು ಬಂದಿದ್ದವು, ಹಬೆಯ ದೊಡ್ಡ ಪೈಪಿಗೆ ಹಾಕುವಂಥವು, ಮೊಣಕಾಲೆತ್ತರ. ಈ ಜಾತಿಯ ವಾಲ್ವಿಗೆ ಹದಿನಾಲ್ಕು ವರ್ಷದಿಂದ ಹದಿನೆಂಟು ಫಿಲ್ಮು ತೆಗೆಯುತ್ತಿದ್ದರು. ಪೂರ್ವಾ ಸಿಮ್ಯುಲೇಶನ್ ಮಾಡಿ, ಹನ್ನೊಂದು ಸಾಕು ಎಂದಳು. ಗಾಜಿನ ಕೋಣೆಯಲ್ಲಿ ಎಲ್ಲರನ್ನೂ ಕರೆದು ಪರದೆಯ ಮೇಲೆ ತೋರಿಸಿದಳು. ಬೇಡವಾದ ಏಳರಲ್ಲಿ ಎಂಟನೆಯ ನಂಬರಿನ ಫಿಲ್ಮು ಒಂದು. ಏಳನೆಯ ನಂಬರಿನದರಲ್ಲಿ ವಿಕಿರಣ ವಾಲ್ವಿನ ಕತ್ತನ್ನು ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಹಾಯುತ್ತದೆ, ಎಂಟನೆಯದರಲ್ಲಿ ಆ ಕಡೆಯಿಂದ ಈ ಕಡೆಗೆ. ದಾರಿ ಒಂದೇ, ಚಿತ್ರವೂ ಒಂದೇ. ಎರಡು ಯಾಕೆ? ಕಾಗದದ ಮೇಲೆ ಅವಳ ಮಾತು ಅಕ್ಷರಶಃ ಸರಿ. ಶೆಡ್ಡಿನ ಮಾಲೀಕ ಸಾಹೇಬರು ಚಪ್ಪಾಳೆ ತಟ್ಟಿದರು.

ಗೋಡೆಗೆ ಒರಗಿ ನಿಂತಿದ್ದ ಶಿವಕಾಂತಾಬಾಯಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಏಕೆಂದರೆ ಎರಡೂ ಒಂದಲ್ಲ. ಎಂಟನೆಯ ಫಿಲ್ಮಿನಲ್ಲಿ ವಾಲ್ವಿನ ಬೋಲ್ಟಿನ ದುಂಡನೆಯ ತೂತು ಯಾವಾಗಲೂ ಮೊಟ್ಟೆಯಾಕಾರದಲ್ಲಿ ಬರುತ್ತದೆ. ಹದಿನಾಲ್ಕು ವರ್ಷದಿಂದ ಹಾಗೇ. ವಾಲ್ವನ್ನು ಎಂಟನೆಯ ಫಿಲ್ಮಿಗೆ ಮಗುಚಿ ಮಲಗಿಸಬೇಕು, ಅದರ ಹೊಟ್ಟೆಯ ಕೆಳಗೊಂದು ಗಂಟು ಇದೆ, ಉರುಳುತ್ತದೆ. ಅವ್ವಣ್ಣ ಒಂದು ದಿನ ಹೊರಗೆ ಬಿದ್ದಿದ್ದ ಇಟ್ಟಂಗಿ ತಂದು ಒಂದು ಬದಿಗೆ ಒತ್ತುಕೊಟ್ಟ. ವಾಲ್ವು ಓರೆಯಾಗಿ ನಿಂತಿತು. ಅಂದಿನಿಂದ ಅದೇ ಇಟ್ಟಂಗಿ, ಅದೇ ಓರೆ. ಯಾವ ಕಾಗದದಲ್ಲೂ ಅದು ಇಲ್ಲ. ನಕ್ಷೆಯಲ್ಲಿ 'ನೆಟ್ಟಗೆ' ಎಂದೇ ಬರೆದಿದೆ.

"ಆ ವಾಲ್ವಿನ ಕತ್ತಿನಾಗ ಬಿರುಕು ನೆಟ್ಟಗ ಬರಂಗಿಲ್ರಿ" ಎಂದು ಶಿವಕಾಂತಾಬಾಯಿ ನನ್ನ ಕೈ ಹಿಡಿದು, ಮಣಿಕಟ್ಟಿನ ಮೇಲೆ ಉಗುರಿನಿಂದ ಓರೆ ಗೆರೆ ಎಳೆದು ತೋರಿಸುತ್ತಾರೆ. "ಮ್ಯಾಲಿನ ದಪ್ಪ ಭಾಗ ತಡಾ ಮಾಡಿ ಆರತದ, ಆರೂ ಮುಂದ ತೆಳ್ಳನ ಕತ್ತು ಜಗ್ಗತದ. ಬಿರುಕು ವಾರಿ ಬೀಳತದ. ವಾರಿ ಇದ್ದದ್ದು ವಾರಿ ತಗದ್ರೇ ಕಾಣತದ. ಹದಿನಾಲ್ಕು ವರ್ಷದಾಗ ಒಂಬತ್ತು ಸಲ ನೋಡೀನಿ. ಒಂಬತ್ತೂ ಸಲ ಎಂಟನೇ ಫಿಲ್ಮಿನಾಗೇ."

ಮತ್ತೇಕೆ ಸುಮ್ಮನಿದ್ದಿರಿ ಎಂದು ಕೇಳುತ್ತೇನೆ.

"ಬಾಯಿ ತನಕ ಬಂತ್ರಿ. ನುಂಗಿದೆ." ಬೆಳಕಿನ ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ, ಆರಿಸುತ್ತಾರೆ. "ಹೇಳಿದ್ರ ಏನಾಗತಿತ್ತು? ಮ್ಯಾಡಮ್ ಅದಕ್ಕ ಹೇಳತಿದ್ರು, ಅದು ತನ್ನ ಮಾತಂತ ಛಾಪಿಸತಿತ್ತು. ನಾ ಮತ್ತ ಗ್ವಾಡಿಗಿ. ಈ ಸಲ ಮುಗ್ಗರಸಲಿ, ಎಲ್ಲಾರ ಎದುರು ಮುಗ್ಗರಸಲಿ ಅನಿಸ್ತು. ಖರೇ ಹೇಳಲತೀನಿ, ಆ ದಿನ ಮನಿಗಿ ಹೋಗಿ ಹೊಟ್ಟಿ ತುಂಬಾ ಉಂಡೆ."

ಅವ್ವಣ್ಣ ಹೊಸ ಕಾಗದದ ಪ್ರಕಾರ ಒಂದೊಂದಕ್ಕೆ ಹನ್ನೊಂದರಂತೆ ಅರವತ್ತಾರು ಫಿಲ್ಮು ತೆಗೆದ. ಇಟ್ಟಂಗಿಗೆ ಕೆಲಸವಿರಲಿಲ್ಲ, ಮೂಲೆಗೆ ಹೋಯಿತು. ಶಿವಕಾಂತಾಬಾಯಿ ಅರವತ್ತಾರನ್ನೂ ಓದಿದರು. ಒಂದು ಹಳದಿ ಗೆರೆಯೂ ಬೀಳಲಿಲ್ಲ. ಶ್ಯಾಮ ಸಹಿ ಹಾಕಿದರು. ಲಾರಿ ಮರುದಿನವೇ ಬರಬೇಕಿತ್ತು. ಆದರೆ ಪಂಢರಪುರಕ್ಕೆ ಪಾಲಖಿ ಹೊರಟಿತ್ತು, ಕಾಲ್ನಡಿಗೆಯ ವಾರಕರಿ ಭಕ್ತರ ದಿಂಡಿಗಾಗಿ ರಸ್ತೆ ಬಂದ್. ಆರೂ ವಾಲ್ವು ಎರಡು ದಿನ ಶೆಡ್ಡಿನಲ್ಲೇ ಕೂತವು.

ಮೊದಲ ದಿನದ ಖುಷಿ ಎರಡನೆಯ ದಿನ ಇರಲಿಲ್ಲ. ಸಂಜೆ ತಮ್ಮ ಲಾಲಪ್ಪನ ಫೋನ್ ಬಂತು. ಅವನು ಊರ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಹತ್ತಿರ ಕೆಲಸಕ್ಕಿದ್ದಾನೆ. ಹೇಳಿದ್ದು ಏನೂ ವಿಶೇಷವಲ್ಲ. ಮಳೆ ಚೆನ್ನಾಗಿದೆ, ಮಗಳಿಗೆ ಜ್ವರ ಇತ್ತು, ಈಗಿಲ್ಲ, ಬರುವ ಕಬ್ಬಿನ ಹಂಗಾಮಿಗೆ ತನ್ನ ಡ್ಯೂಟಿ ದೊಡ್ಡ ಹಬೆ ಪೈಪಿನ ಪಕ್ಕದಲ್ಲೇ ಬಿದ್ದಿದೆ. ಅಷ್ಟೇ.

"ನಾ ಎತ್ತಿ ಆಡಿಸಿದ ಹುಡುಗ್ರಿ ಅಂವ" ಎನ್ನುವಾಗ ಶಿವಕಾಂತಾಬಾಯಿ ನನ್ನ ಮುಖ ನೋಡುವುದಿಲ್ಲ. "ಈ ಆರು ಎಲ್ಲಿಗಿ ಹೋಗತಾವ ನನಗ ಗೊತ್ತಿಲ್ಲ. ಅಲ್ಲಿಗೇ ಹೋಗತಾವಂತ ಅಲ್ಲ. ಎಲ್ಲಿಗಿ ಹೋದ್ರೂ ಅದರ ಬಾಜೂಕ ಯಾರದರೇ ತಮ್ಮ ನಿಂದರತಾನಲ್ಲ? ಆವಾಗ ನನ್ನ ಮ್ಯಾಲ ನನಗೇ ಹೇಸಿಕಿ ಬಂತ್ರಿ. ನನ್ನ ಜಗಳ ಆ ಕಂಪ್ಯೂಟರ್ ಡಬ್ಬಿ ಕೂಡ. ನಡುವ ಇನ್ನೊಬ್ಬರ ಜೀವ ಯಾಕ?"

ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಪೂರ್ವಾಳ ಫೋನ್ ಹೊಡೆದುಕೊಂಡಿತು. ಶಿವಕಾಂತಾಬಾಯಿ ಅವಳಿಗೆ ಫೋನ್ ಮಾಡಿದ್ದು ಅದೇ ಮೊದಲು.

"ಮ್ಯಾಡಮ್, ಲಗೂನ ಬರ್ರಿ. ನಿಮ್ಮ ಡಬ್ಬಿಗಿ ಇಟ್ಟಂಗಿ ಗೊತ್ತಿಲ್ಲ."

"ಇಟ್ಟಂಗಿ ಅಂದ್ರ ನನಗ ಏನೂ ತಿಳೀಲಿಲ್ಲ" ಎಂದು ಪೂರ್ವಾ ನೆನಪಿಸಿಕೊಳ್ಳುತ್ತಾಳೆ. "ಆದ್ರ ಮಾವಶಿಯವರ ದನಿ ಕೇಳಿ ಹಲ್ಲೂ ತಿಕ್ಕದ ಹಂಗ ಓಡಿದೆ." ಅವಳು ಬರುವ ಹೊತ್ತಿಗೆ ಲಾರಿ ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು. ಲಾರಿಗೂ ವಾಲ್ವುಗಳಿಗೂ ನಡುವೆ ಶಿವಕಾಂತಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. "ಬಾಯಿ, ಅಜೂನ ಕಿತೀ ವೇಳ?" ಇನ್ನೂ ಎಷ್ಟು ಹೊತ್ತು ಎಂದು ಚಾಲಕ ಕೂಗಾಡುತ್ತಿದ್ದ. "ಥಾಂಬ ರೇ, ತೋಂಡ ಬಂದ ಠೇವ" ಎಂದು ಈಕೆ ಅವನ ಬಾಯಿ ಮುಚ್ಚಿಸಿದರು.

ಅವ್ವಣ್ಣ ಮೂಲೆಯಿಂದ ಇಟ್ಟಂಗಿ ಎತ್ತಿ ತಂದು ಗಾಜಿನ ಕೋಣೆಯ ಬಿಳಿ ಮೇಜಿನ ಮೇಲೆ ಇಟ್ಟ. ಕೆಂಪು ಪುಡಿ ಉದುರಿತು. ಪೂರ್ವಾ ಸ್ಕೇಲು ತಂದು ಅದರ ಎತ್ತರ ಅಳೆದಳು, ಪರದೆಯ ಮೇಲಿನ ವಾಲ್ವನ್ನು ಅಷ್ಟೇ ಓರೆ ಮಾಡಿದಳು. ಆಮೇಲೆ ಬಿರುಕು ಇಡಬೇಕಲ್ಲ, ತನ್ನ ರೂಢಿಯಂತೆ ಪಟ್ಟಿ ಹಿಡಿದು ಕೊಯ್ದಂಥ ಒಂದು ಗೆರೆ ಇಟ್ಟಳು.

"ಇಂಥಾ ಬಿರುಕು ಎಲ್ಲಿ ನೋಡೀರಿ? ಬಿರುಕೇನು ಇಸ್ತ್ರಿ ಮಾಡಿಸಿಕೊಂಡು ಬರತದ?" ಎಂದರು ಶಿವಕಾಂತಾಬಾಯಿ. ತಮ್ಮ ಮೇಜಿನ ಕೆಳಗಿನಿಂದ ಬಿಸ್ಕೀಟಿನ ಹಳೆಯ ಡಬ್ಬಿ ತಂದರು. ಹಳೆಯ ಫಿಲ್ಮುಗಳನ್ನು ಐದು ವರ್ಷದ ಮೇಲೆ ಬೆಳ್ಳಿ ತೆಗೆಯುವವರಿಗೆ ಕೊಟ್ಟುಬಿಡುತ್ತಾರೆ. ಕೆಲವನ್ನು ಈಕೆ ಉಳಿಸಿಕೊಂಡಿದ್ದರು, ಕಾರ್ಖಾನೆ ಬೇಡವೆಂದದ್ದನ್ನು, ಶ್ಯಾಮ ಅವರನ್ನು ಕೇಳಿಯೇ. ಆ ಒಂಬತ್ತು ಕತ್ತಿನ ಬಿರುಕುಗಳೂ ಅದರಲ್ಲಿದ್ದವು. ಹರಿದು, ತುಂಡುತುಂಡಾಗಿ, ಓರೆಗೆ ಬಿದ್ದ ಬಿರುಕು. ಪೂರ್ವಾ ಅದನ್ನು ನೋಡುತ್ತ ಬಿಡಿಸಿದಳು, ಈಕೆ ಪಕ್ಕದಲ್ಲಿ ಕೂತು ತಿದ್ದಿದರು. "ಇಲ್ಲಿ ಕಡೀಬೇಕು. ಇಲ್ಲಿ ಸಣ್ಣ ಮಾಡ್ರಿ. ಹಾಂ, ಈಗ ಬಿರುಕು."

ನೆಟ್ಟಗೆ ವಿಕಿರಣ ಹಾಯಿಸಿದಾಗ ಪರದೆ ಬರೀ ಬೂದು. ಏನೂ ಇಲ್ಲ. ಇಟ್ಟಂಗಿ ಒತ್ತುಕೊಟ್ಟು ಹಾಯಿಸಿದಾಗ ಕತ್ತಿನ ಮೇಲೆ ಕಪ್ಪು ಗೆರೆ ಎದ್ದುಬಂತು, ಪಕ್ಕದ ದುಂಡನೆಯ ತೂತು ಮೊಟ್ಟೆಯಾಯಿತು. ಪೂರ್ವಾ ಪರದೆಯ ಪಕ್ಕ ಹಳೆಯ ಫಿಲ್ಮು ಹಿಡಿದಳು. ಯಾವುದು ಯಾವುದೆಂದು ಹೇಳಲಾಗದಷ್ಟು ಒಂದೇ ಥರ.

ಲಾರಿಯನ್ನು ತಡೆದರು. ಅವತ್ತು ರಾತ್ರಿ ಆರೂ ವಾಲ್ವಿಗೆ ಅವ್ವಣ್ಣ ಮತ್ತೆ ಇಟ್ಟಂಗಿ ಕೊಟ್ಟು ಎಂಟನೆಯ ಫಿಲ್ಮು ತೆಗೆದ. ಮರುದಿನ ಬೆಳಿಗ್ಗೆ ಶಿವಕಾಂತಾಬಾಯಿ ಕತ್ತಲಲ್ಲಿ ಹತ್ತು ನಿಮಿಷ ಕೂತರು, ಫಿಲ್ಮು ಇಟ್ಟರು. ಒಂದು, ಎರಡು, ಮೂರು, ಏನೂ ಇಲ್ಲ. ನಾಲ್ಕನೆಯದರಲ್ಲಿ ಹಳದಿ ಪೆನ್ಸಿಲ್ ನಿಂತಿತು. ಹೆಬ್ಬೆರಳುದ್ದದ ಒಡೆದ ಹಿಮ್ಮಡ. ಐದು ವಾಲ್ವು ಲಾರಿ ಹತ್ತಿದವು, ನಾಲ್ಕನೆಯದು ಕರಗಲು ಹೋಯಿತು.

"ಮೊದಲೇ ಯಾಕ ಹೇಳಲಿಲ್ರೀ ಮಾವಶಿ?" ಎಂದು ಪೂರ್ವಾ ಕೇಳಿದಳು. ಎಲ್ಲರೂ ಇದ್ದರು, ಶ್ಯಾಮ, ಅವ್ವಣ್ಣ, ಸಾಹೇಬರು. ಮರೆತಿದ್ದೆ ಎನ್ನಬಹುದಿತ್ತು. ಯಾರೂ ನನ್ನನ್ನು ಕೇಳಲಿಲ್ಲ ಎನ್ನಬಹುದಿತ್ತು, ಅದು ನಿಜವೂ ಹೌದು.

"ಹೊಟ್ಟಿಕಿಚ್ಚಿಗಿ" ಎಂದರು ಶಿವಕಾಂತಾಬಾಯಿ.

ಪೂರ್ವಾ ಒಂದು ವಾರ ಆಕೆಯ ಜೊತೆ ಮಾತು ಬಿಟ್ಟಳು. "ಸಿಟ್ಟು ನೆತ್ತಿಗೆ ಏರಿತ್ತು. ನನ್ನ ಕೆಲಸ ಹೋಗತಿತ್ತು, ಯಾರದೋ ಜೀವ ಹೋಗತಿತ್ತು. ಆಮ್ಯಾಲೆ ಅನಿಸ್ತು, ಮೂರು ವರ್ಷದಾಗ ನಾ ಒಂದು ಸಲಾನೂ ಬಂಕರಿನೊಳಗ ಹೋಗಿ, ವಾಲ್ವ್ ಹೆಂಗ ಮಲಗಸತೀರಿ ಅಂತ ನೋಡಿಲ್ಲ. ಕಾಗದಾನ ಕೇಳೀನಿ, ಮನಷ್ಯಾರನ್ನ ಕೇಳಿಲ್ಲ." ಎಂಟನೆಯ ದಿನ ಅವಳೇ ಹೋಗಿ ಕತ್ತಲೆಕೋಣೆಯ ಬಾಗಿಲು ತಟ್ಟಿದಳು. ನನ್ನಂತೆ ತಳ್ಳಿ ತೆರೆಯಲು ಹೋಗಲಿಲ್ಲ, ತಟ್ಟಿದಳು. ಅದನ್ನು ಹೇಳುವಾಗ ಶಿವಕಾಂತಾಬಾಯಿಯ ಮುಖ ಅರಳುತ್ತದೆ.

ಈಗ ಈ ವಾಲ್ವಿಗೆ ಹನ್ನೆರಡು ಫಿಲ್ಮು. ಇಟ್ಟಂಗಿಯ ಬದಲು ಅದೇ ಅಳತೆಯ ಉಕ್ಕಿನ ಬೆಣೆ ಮಾಡಿಸಿದ್ದಾರೆ, ನಕ್ಷೆಯಲ್ಲಿ ಅದಕ್ಕೊಂದು ಜಾಗವಿದೆ. ಅವ್ವಣ್ಣ ಮುನಿಸಿಕೊಂಡಿದ್ದಾನೆ. "ಹದಿನಾಲ್ಕು ವರ್ಷ ನನ್ನ ಇಟ್ಟಂಗಿ ನಡಸ್ಯದ, ಬೆಣಿ ಬಂದು ಎಷ್ಟು ದಿನಾತು?" ಎಂದು ಇಟ್ಟಂಗಿಯನ್ನು ಬಂಕರಿನ ಕಪಾಟಿನಲ್ಲಿ ಜೋಪಾನ ಮಾಡಿದ್ದಾನೆ. ಈ ಶೆಡ್ಡಿನಲ್ಲಿ ಹೊಟ್ಟೆಕಿಚ್ಚಿಗೆ ಬರವಿಲ್ಲ.

ದಿನಾ ಮಧ್ಯಾಹ್ನ ಎರಡರಿಂದ ಮೂರು, ಶಿವಕಾಂತಾಬಾಯಿ ಕೈ ತೊಳೆದು ಗಾಜಿನ ಕೋಣೆಗೆ ಹೋಗುತ್ತಾರೆ. ಬಿಸ್ಕೀಟಿನ ಡಬ್ಬಿಯಿಂದ ಒಂದೊಂದೇ ಫಿಲ್ಮು ತೆಗೆದು, ಅದರ ಕಥೆ ಹೇಳುತ್ತಾರೆ. ಯಾವ ಎರಕ, ಎಲ್ಲಿ ಬಿರುಕು, ಯಾಕೆ ಹಾಗೆ. ಪೂರ್ವಾ ಅದನ್ನು ಕಂಪ್ಯೂಟರಿಗೆ ಕಲಿಸುತ್ತಾಳೆ. ಇಲ್ಲಿಯವರೆಗೆ ನಲವತ್ತೊಂದು ದೋಷ ಸೇರಿವೆ. ಇನ್ನು ಯಾವ ಹೊಸ ವಾಲ್ವು ಬಂದರೂ ಈಕೆ ಕಂಡ ಬಿರುಕುಗಳನ್ನೇ ಒಳಗಿಟ್ಟು ನೋಡುತ್ತಾರೆ. ಅಂದರೆ ಸವತಿಗೆ ಈಗ ಈಕೆಯ ಕಣ್ಣು ಬರುತ್ತಿದೆ. ಅದು ಬೇಜಾರಲ್ಲವೇ ಎಂದು ಕೇಳಿದೆ.

"ಬೇಜಾರು ಅದ. ಯಾಕಿಲ್ಲ?" ಎನ್ನುತ್ತಾರೆ. "ನಾ ಇಪ್ಪತ್ತೆರಡು ವರ್ಷ ಕಲತದ್ದು ಅದು ಒಂದು ತಾಸಿನಾಗ ಉಂಡು ಕೂಡತದ. ಸೀನೂ ಬರಂಗಿಲ್ಲ ಈಗ ಅದಕ್ಕ. ಆದ್ರ ನನ್ನ ಕಣ್ಣು ಎಷ್ಟು ದಿನಾ? ಕನ್ನಡಕ ಬಂದೇ ಬರತದ. ಕಣ್ಣು ಹೋದ ಮ್ಯಾಲ ಆ ಬಿರುಕು ಯಾರು ನೋಡಬೇಕು? ಅದಕ್ಕ ಕಲಸತೀನಿ. ಪ್ರೀತಿಲಿಂದ ಅಲ್ರಿ ಮತ್ತ!" ಖಂಡೇನವಮಿಯ ಆಯುಧಪೂಜೆಯ ದಿನ ಬೆಳಕಿನ ಪೆಟ್ಟಿಗೆಗೆ ಚೆಂಡುಹೂವಿನ ದೊಡ್ಡ ಹಾರ ಹಾಕಿದರಂತೆ. ಕಂಪ್ಯೂಟರಿಗೆ ಒಂದು ಹೂವು. "ಅದೂ ಬಾಡಿದ್ದು" ಎನ್ನುತ್ತಾಳೆ ಪೂರ್ವಾ.

ನಾನು ಹೊರಡುವ ಹೊತ್ತಿಗೆ ಪೂರ್ವಾ ಓಡುತ್ತ ಬರುತ್ತಾಳೆ, ಕೈಯಲ್ಲಿ ಬಿಸಿ ಬಿಸಿ ಕಾಗದ. ಹೊಸ ವರದಿಯ ಮೊದಲ ಪ್ರತಿ. ಸಹಿಯ ಜಾಗ ಶ್ಯಾಮ ಅವರದೇ, ಅದನ್ನು ಬದಲಿಸಲು ನಿಯಮ ಬಿಡುವುದಿಲ್ಲ. ಆದರೆ ಸಿಮ್ಯುಲೇಶನ್ನಿನ ಪುಟದಲ್ಲಿ ಕಂಪ್ಯೂಟರಿನ ಹೆಸರಿನ ಕೆಳಗೆ ಅವಳೊಂದು ಹೊಸ ಸಾಲು ಸೇರಿಸಿದ್ದಾಳೆ, ಸಾಹೇಬರು ಒಪ್ಪಿದ್ದಾರೆ. ದೋಷಗಳ ಮಾದರಿ ಕೊಟ್ಟವರು: ಶಿವಕಾಂತಾ.

ಶಿವಕಾಂತಾಬಾಯಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ, ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ. ಕಾಗದವನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟು ದೀಪ ಹಾಕುತ್ತಾರೆ, ಆಕೆಗೆ ಓದುವುದೆಂದರೆ ಅದೇ. ಇಂಗ್ಲಿಷಿನ ಒಂದೊಂದೇ ಅಕ್ಷರದ ಕೆಳಗೆ ಬೆರಳು ಸರಿಯುತ್ತದೆ. ನಾನು ಆಕೆಯ ಮುಖವನ್ನೇ ನೋಡುತ್ತೇನೆ. ಸುಳ್ಳು ಹೇಳುವುದಿಲ್ಲ, ಈಗೊಂದು ಹನಿ ಕಣ್ಣೀರು ಉದುರಿದರೆ ನನ್ನ ಲೇಖನಕ್ಕೆ ಎಷ್ಟು ಚೆಂದ ಎಂದೇ ಯೋಚಿಸು‌ತ್ತಿದ್ದೇನೆ. ಇಪ್ಪತ್ತೆರಡು ವರ್ಷಕ್ಕೆ ಆಕೆಯ ಹೆಸರು ಅಚ್ಚಾಯಿತು, ನನ್ನದಕ್ಕಿಂತ ದೊಡ್ಡ ಅಕ್ಷರದಲ್ಲಿ.

ಕಣ್ಣೀರಿಲ್ಲ. ಹುಬ್ಬು ಗಂಟಾಗುತ್ತದೆ. ಬೆರಳು ಒಂದು ಸಾಲು ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುತ್ತದೆ, ಮತ್ತೆ ಮೇಲಕ್ಕೆ ಹೋಗುತ್ತದೆ.

"ಅದರ ಹೆಸರು ಮ್ಯಾಲ, ನಂದು ಕೆಳಗ ಯಾಕ್ರಿ ಮ್ಯಾಡಮ್?"

"ಅದು ಫಾರ್ಮ್ಯಾಟ್ ರೀ, ಮಾವಶಿ..."

"ಫಾರ್ಮ್ಯಾಟ್ ಗೀರ್ಮ್ಯಾಟ್ ನನಗ ಗೊತ್ತಿಲ್ಲ." ಶಿವಕಾಂತಾಬಾಯಿ ಹಳದಿ ಪೆನ್ಸಿಲ್ ತೆಗೆದುಕೊಂಡು, ಬಿರುಕಿಗೆ ಎಳೆಯುವಂಥದೇ ಒಂದು ಗೆರೆಯನ್ನು ತನ್ನ ಹೆಸರಿನಿಂದ ಮೇಲಿನ ಸಾಲಿಗೆ ಎಳೆದು, ಕಾಗದವನ್ನು ಪೂರ್ವಾಳ ಕೈಗೆ ವಾಪಸು ಕೊಡುತ್ತಾರೆ. "ಈ ಮನಿಗಿ ಮೊದಲ ಬಂದಾಕಿ ನಾನು. ಹಿರೀ ಹೆಂಡತಿ ಹೆಸರು ಮ್ಯಾಲಿರಬೇಕು."